ಗುಡ್ಡದ ಮೇಲೆ ಕೆಮ್ಮುವ ಗಂಟೆ

"ಮಾತಾಡ್ಬ್ಯಾಡಿ," ಎಂದ ಕುರಿಗಾರ ಜವರಪ್ಪ. "ಇನ್ನೊಂದ್ಸಲ ಕೆಮ್ತದೆ. ತಡೀರಿ."

ಸಬ್ ಇನ್ಸ್‌ಪೆಕ್ಟರ್ ಸರಿತಾ ಉಸಿರು ಬಿಗಿಹಿಡಿದಳು. ಗುಡ್ಡದ ಉತ್ತರದ ನೆತ್ತಿಯಿಂದ ಗಂಟೆಯ ಸದ್ದು ಇಳಿದು ಬರುತ್ತಿತ್ತು. ಯಾರೋ ಅವಸರವಿಲ್ಲದೆ ನಡೆಯುತ್ತಿರುವ ಹಾಗೆ ಒಂದೊಂದೇ ಹೆಜ್ಜೆ, ಒಂದೊಂದೇ ಠಿಣ್. ಆಮೇಲೆ ಒಂದು ಕ್ಷಣ ಏನೂ ಇಲ್ಲ. ಆಮೇಲೆ ಗಂಟಲಲ್ಲಿ ಏನೋ ಸಿಕ್ಕಿಕೊಂಡಂತೆ ಒಂದು ಒಡಕು ಸದ್ದು.

"ಕೆಮ್ತು." ಮುದುಕ ತಲೆಯಾಡಿಸಿದ. "ನಂದೇ. ನಾಲಿಗೆ ಸವ್ದೋಗಿ ಅಂಚಿಗೆ ತಗಲ್ತದೆ. ನಾನ್ ಕೊಟ್ಟ ಅನ್ನೆರಡ್ರಲ್ಲಿ ಇಂಗೆ ಕೆಮ್ಮೋದು ಒಂದೇ."

"ನಂಬರ್ ಏಳು?"

"ನಂಬರು ಅವ್ರು ಬರ್ಕಂಡಿದ್ದು. ನಂಗೆ ಅದು ಕೆಮ್ಮಲು ಗಂಟೆ."

ಬುಧವಾರ ಸಂಜೆ ಆ ಗಂಟೆಯನ್ನು ಸೊಂಟಕ್ಕೆ ಕಟ್ಟಿಕೊಂಡು 'ಅಮೈದಿ' ಕ್ಯಾಂಪಿನಿಂದ ಹೊರಗೆ ನಡೆದ ಮೀನಾ ತಿರುಗಿ ಬಂದಿರಲಿಲ್ಲ. ಇವತ್ತು ಶನಿವಾರ. ಅವಳ ಹತ್ತಿರ ಇದ್ದದ್ದು ಒಂದು ಬಾಟಲಿ ನೀರು. ಆಡಿ ತಿಂಗಳ, ಅಂದರೆ ಆಷಾಢದ, ಮಳೆಯಿಲ್ಲದ ಗಾಳಿ ಆ ಗುಡ್ಡದ ಕುರುಚಲನ್ನು ಒಣಗಿಸಿ ತಂತಿಯಂತೆ ಮಾಡಿತ್ತು. ಬೆಳಿಗ್ಗೆ ಡಾಕ್ಟರು ಫೋನಿನಲ್ಲಿ ಹೇಳಿದ್ದು ಒಂದೇ ಮಾತು: ನಾಳೆ ಬೆಳಕು ಹರಿಯುವುದರೊಳಗೆ ಸಿಕ್ಕರೆ ಸಿಕ್ಕಳು.

ಕ್ಯಾಂಪು ಇದ್ದದ್ದು ಕಡಯಂಪಟ್ಟಿಯಿಂದ ಒಂಬತ್ತು ಕಿಲೋಮೀಟರ್ ದೂರ, ಗುಡ್ಡದ ಬುಡದಲ್ಲಿ. ಹಗಲೂ ರಾತ್ರಿ ಪರದೆಯ ಮೇಲೆ ದುಡಿಯುವವರು ಐದು ದಿನ ಇಲ್ಲಿಗೆ ಬರುತ್ತಿದ್ದರು. ಗೇಟಿನಲ್ಲೇ ಫೋನುಗಳನ್ನು ಒಂದು ಕಬ್ಬಿಣದ ಪೆಟ್ಟಿಗೆಗೆ ಹಾಕಿ ಬೀಗ ಹಾಕುವರು. ಬದಲಿಗೆ ಕಾಡಿನಲ್ಲಿ ತಪ್ಪಿಸಿಕೊಳ್ಳದಿರಲಿ ಎಂದು ಒಬ್ಬೊಬ್ಬರ ಸೊಂಟಕ್ಕೂ ಒಂದು ಕಿತ್ತಳೆ ಪಟ್ಟಿ, ಪಟ್ಟಿಗೆ ಜವರಪ್ಪನಿಂದ ತಂದ ಒಂದು ಕುರಿಗಂಟೆ. 'ಅಮೈದಿ' ಎಂದರೆ ತಮಿಳಿನಲ್ಲಿ ಮೌನ; ಸುತ್ತಲಿನ ಊರಿನವರು ಅದಕ್ಕೆ ಇಟ್ಟ ಹೆಸರು ಫೋನಿಲ್ದ ಕ್ಯಾಂಪು.

ಮೀನಾಳ ಕೆಲಸ ಜನ ಹಾಕುವ ವಿಡಿಯೋಗಳನ್ನು ಬೇರೆಯವರಿಗಿಂತ ಮೊದಲು ನೋಡುವುದು. ಕ್ರೂರವಾದದ್ದನ್ನು, ಸುಳ್ಳಾದದ್ದನ್ನು ಅಳಿಸುವುದು. ದಿನಕ್ಕೆ ಎಂಟು ತಾಸು. ವಯಸ್ಸು ಇಪ್ಪತ್ತಾರು. ನಿದ್ದೆ ಬರುವುದಿಲ್ಲ ಎಂದು ಕ್ಯಾಂಪಿನ ಅರ್ಜಿಯಲ್ಲಿ ಬರೆದಿದ್ದಳು.

ಎರಡು ದಿನ ಪೊಲೀಸರೂ ಅರಣ್ಯದವರೂ ಗಂಟೆಯ ಹಿಂದೆ ಅಲೆದಿದ್ದರು. ಸಂಜೆ ಆರು ದಾಟುತ್ತಲೇ ಅದು ಶುರುವಾಗುತ್ತಿತ್ತು. ಅವರು ನೆತ್ತಿ ತಲುಪುವಷ್ಟರಲ್ಲಿ ನಿಂತಿರುತ್ತಿತ್ತು. ಅಲ್ಲಿ ಬಂಡೆ ಇತ್ತು, ಗಾಳಿ ಇತ್ತು, ಹೆಜ್ಜೆಗುರುತು ಇರಲಿಲ್ಲ. ಗುರುವಾರ ಒಬ್ಬ ಗಾರ್ಡು ಪೂಜೆ ಮಾಡಿಸಬೇಕು ಎಂದ. ಶುಕ್ರವಾರ ಅವನು ಬರಲೇ ಇಲ್ಲ.

ಗೇಟಿನ ಬಳಿ ಆ ಕಬ್ಬಿಣದ ಪೆಟ್ಟಿಗೆಯ ಮೇಲೆ ಗಂಗಲಕ್ಷ್ಮಮ್ಮ ಕೂತಿದ್ದಳು. ಮೇಟೂರಿನ ಕಡೆಯ ಹೆಂಗಸು, ಮೀನಾಳ ತಾಯಿ. ಮಗಳ ಫೋನನ್ನು ಠಾಣೆಗೆ ಒಯ್ದಾಗಿತ್ತು. ಆದರೂ ಅವಳು ಪೆಟ್ಟಿಗೆ ಬಿಟ್ಟು ಏಳುತ್ತಿರಲಿಲ್ಲ.

"ಕೇಳ್ತಾ ಅವ್ವಾ?" ಎಂದಳು ಸರಿತಾಳಿಗೆ. ಮುಖ ಅರಳಿತ್ತು. "ನಡೀತಾವ್ಳೆ. ನಿನ್ನೆಗಿಂತ ಇವತ್ತು ಜೋರಾಗವ್ಳೆ. ಅಲ್ವಾ? ನಡೀತಾ ಇದ್ರೆ ಉಸ್ರು ಐತೆ ಅಂತ ತಾನೆ?"

"ಹೂಂ ಅಮ್ಮ."

"ಮಧ್ಯಾನಾನೂ ಕೇಳ್ತು. ಆ ಕಡೆಯಿಂದ." ಕೈ ತೆಂಕಣಕ್ಕೆ ಚಾಚಿತು. "ಈ ಪೋಲೀಸಪ್ಪ ನಂಬಕಿಲ್ಲ ಅಂತಾನೆ."

ಕಾನ್‌ಸ್ಟೇಬಲ್ ಪ್ರಭಾಕರ್ ಸರಿತಾಳ ಕಿವಿಯ ಹತ್ತಿರ ಬಂದು, "ಪಾವಂ ಮೇಡಂ," ಎಂದು ಪಿಸುಗುಟ್ಟಿದ. "ಮೂಣು ನಾಳಾ ತೂಂಗಲೆ." ಮೂರು ದಿನ ಮಲಗದವರಿಗೆ ಎಲ್ಲ ಕಡೆಯೂ ಗಂಟೆ ಕೇಳುತ್ತದೆ ಎಂಬುದು ಅವನ ಲೆಕ್ಕ.

ಸರಿತಾ ತಿರುಗಿ ನೋಡಿದಾಗ ಜವರಪ್ಪ ಕುಕ್ಕರಗಾಲಲ್ಲಿ ಕೂತು ನೆಲದಿಂದ ಕಲ್ಲುಹರಳು ಆರಿಸುತ್ತಿದ್ದ. ಒಂದು ಠಿಣ್‌ಗೆ ಒಂದು ಹರಳು. ಉದ್ದಕ್ಕೆ ಒಂದು ಸಾಲು. ಗಂಟೆ ನಿಂತಲ್ಲಿ ಒಂದು ಬೆರಳಿನಷ್ಟು ಜಾಗ ಬಿಟ್ಟ. ಕೆಮ್ಮಿದಲ್ಲಿ ಒಂದು ಒಣ ಕಡ್ಡಿ ಇಟ್ಟ.

ಅವಳ ಅಪ್ಪನೂ ಹೀಗೆಯೇ ಕೂರುತ್ತಿದ್ದ. ರೊಪ್ಪದ ಬಾಗಿಲಲ್ಲಿ, ಒಂದು ಕುರಿಗೆ ಒಂದು ಹರಳು.

ಜೀಪಿನಲ್ಲಿ ಬರುವಾಗ ಅವಳಾಡಿದ ಕನ್ನಡ ಕೇಳಿ ಮುದುಕ ಕತ್ತು ಹೊರಳಿಸಿದ್ದ. "ಯಾವ ಕಿವಿಯವ್ರವ್ವಾ ನೀವು?"

ಕುರಿಯವರು ಕುರಿಯವರನ್ನು ಕೇಳುವುದೇ ಹಾಗೆ. ಒಂದೊಂದು ಮನೆಗೆ ಒಂದೊಂದು ಗುರುತು. ಮರಿಯ ಕಿವಿಯಲ್ಲಿ ಅದನ್ನು ಕೊಯ್ಯುವುದು. ಒಬ್ಬರ ಗುರುತು ಇನ್ನೊಬ್ಬರು ಹಾಕುವುದಿಲ್ಲ. ಊರು ಮರೆತರೂ ಕಿವಿ ಮರೆಯುವುದಿಲ್ಲ.

"ಕಂಬೈನಲ್ಲೂರು ಕಡೆ," ಎಂದಿದ್ದಳು. "ಎಡಗಿವಿ ತುದಿ ಸೀಳು. ಕೆಳಗೆ ಎರಡು ಕಚ್ಚು."

"ಓ, ರಾಮಪ್ಪನ ಕಿವಿ! ಅವ್ನ ಮಗ್ಳಾ ನೀನು? ಮಂದೆ ಎಲ್ಲಿ ನಿಲ್ಸವ್ರೆ ಈಗ?"

"ಮಂದೆ ಇಲ್ಲ ತಾತ. ಅಪ್ಪ ಹೋದರು. ಆ ಕಿವಿ ಈಗ ಇಲ್ಲ."

ಅಣ್ಣನ ವಿಷಯ ಅವಳು ಎತ್ತಲಿಲ್ಲ. ಆರು ವರ್ಷದ ಹಿಂದೆ, ಅಪ್ಪ ಮಂದೆ ಮಾರಲು ಒಪ್ಪಿದ ಮರುದಿನ, ರಾಜಕುಮಾರ್ ನಲವತ್ತು ಕುರಿ ಹೊಡೆದುಕೊಂಡು ಹೋದವನು ಹೋದವನೇ. ಎರಡು ಚಿಕ್ಕದು, ಒಂದು ಉದ್ದ: ಹಾಗೆ ಸಿಳ್ಳೆ ಹಾಕಿ ಅವನು ಮಂದೆ ಕರೆಯುತ್ತಿದ್ದ. ಅವಳಿಗೂ ಕಲಿಸಿದ್ದ. ಪೊಲೀಸಾಗಿ ಇಷ್ಟು ಜನರನ್ನು ಹುಡುಕಿದವಳು ಅವನನ್ನು ಒಮ್ಮೆಯೂ ಹುಡುಕಿರಲಿಲ್ಲ.

ಜವರಪ್ಪ ಜೀಪಿನ ಕಿಟಕಿಯಾಚೆ ನೋಡುತ್ತ ಅಂದಿದ್ದ: "ಕಿವಿ ಅಂಗೆಲ್ಲ ಓಗಕಿಲ್ಲ ಕಣವ್ವಾ. ಕೊಯ್ಯೋ ಕೈ ಇರೋಗಂಟ ಇರ್ತದೆ."

ಈಗ ಮುದುಕ ಎರಡನೇ ಸಾಲು ಜೋಡಿಸುತ್ತಿದ್ದ. ಗಂಟೆ ನಡೆಯುತ್ತಲೇ ಇತ್ತು.

ಅಡುಗೆ ಚಪ್ಪರದ ಕಡೆಯಿಂದ ಚಂದ್ರಿಕಾ ಬಂದಳು. ಮೀನಾಳ ಡೇರೆಯಲ್ಲಿದ್ದವಳು. ಉಳಿದವರು ಗುರುವಾರವೇ ಹೊರಟುಹೋಗಿದ್ದರು. ಇವಳು ಮೀನಾಳ ಚೀಲ ಬಿಟ್ಟು ಹೋಗಲ್ಲ ಎಂದು ಹಟ ಹಿಡಿದು ಉಳಿದಿದ್ದಳು. ಇಳಂಪಿಳ್ಳೈಯ ನೇಕಾರರ ಮನೆಯವಳು. ದಿನಾ ಆರು ತಾಸು ಫೋನಿನ ಮುಂದೆ ನಿಂತು ಲೈವ್‌ನಲ್ಲಿ ಸೀರೆ ಮಾರುವವಳು. ಸುಮ್ಮನಿರುವುದು ಅವಳಿಗೆ ರೋಗ.

"ಅಕ್ಕಾ, ಟೀ ಕೊಡ್ಲಾ? ಶುಂಠಿ ಆಕಿವ್ನಿ. ಈ ಸದ್ದು ಕೇಳ್ದಾಗೆಲ್ಲ ನಂಗೆ ಕೈಕಾಲು ಜಿಲ್ ಅಂತದೆ. ಸೋಮ್ವಾರ ಎಷ್ಟು ಚೆಂದಾಗಿ ಕೇಳ್ತಿತ್ತು ಗೊತ್ತಾ..."

ಸರಿತಾ ಲೋಟಕ್ಕೆ ಚಾಚಿದ ಕೈ ನಿಂತಿತು. "ಸೋಮವಾರ?"

"ಊಂ. ನಾವ್ ಬಂದ ದಿನ. ಮಂಗ್ಳವಾರಾನೂ. ಯಾರ್ದೋ ಕುರಿಮಂದೆ ಅಂದ್ಕಂಡ್ವಿ."

"ಆಗ ಮೀನಾ ಎಲ್ಲಿದ್ದಳು?"

"ನನ್ ಪಕ್ಕದಲ್ಲೇ. ಬಜ್ಜಿ ತಿಂತಾ ಇದ್ಲು."

"ಇದನ್ನ ಯಾಕೆ ಹೇಳಲಿಲ್ಲ?"

"ನೀವು ಕೇಳಿದ್ದು ಬುಧ್ವಾರದ್ದು ತಾನೆ? ಸೋಮ್ವಾರದ್ದು ಯಾರ್ ಕೇಳುದ್ರು?" ಚಂದ್ರಿಕಾಳ ದನಿ ಇಳಿಯಿತು. "ಬುಧ್ವಾರ ಅವ್ಳು ಬರ್ಲಿಲ್ಲ. ಗುರ್ವಾರ ಅದೇ ಗಂಟೆ ಕೇಳ್ದಾಗ ಅವ್ರಮ್ಮ, ನನ್ ಮಗ್ಳು ಅಂದ್ರು. ಆಮ್ಯಾಲೆ ನಮ್ಗೂ ಅದು ಮೀನಾ ತರಾನೇ ಕೇಳಕ್ಕೆ ಶುರುವಾಯ್ತು."

"ಮೀನಾ ಏನಾದರೂ ಅಂದಿದ್ದಳಾ? ಆ ಗಂಟೆ ಬಗ್ಗೆ?"

ಚಂದ್ರಿಕಾ ಟೀ ಲೋಟ ನೋಡಿದಳು. "ಮಂಗ್ಳವಾರ ನಕ್ಳು. ಬಂದ ಮ್ಯಾಲೆ ಫಸ್ಟ್ ಟೈಮ್ ನಕ್ಳು. 'ಅಕ್ಕಾ, ಇಲ್ಲೂ ನನ್ ಕೆಲ್ಸ ನನ್ನ ಬಿಡ್ಲಿಲ್ಲ ನೋಡಿ,' ಅಂದ್ಳು. ಬುಧ್ವಾರ ಸಾಯಂಕಾಲ ಗಂಟೆ ಶುರುವಾಗಕ್ಕೆ ಮುಂಚೆ ಎದ್ದೋದ್ಳು."

ಜವರಪ್ಪನ ಬಾಯಿಂದ ಒಂದು ಸದ್ದು ಬಂತು. ನಗುವೂ ಅಲ್ಲ, ಉಗುಳೂ ಅಲ್ಲ.

"ಮೇಡಮ್ಮಾ. ಇಲ್ಲಿ ಬಂದ್ ನೋಡಿ."

ನೆಲದ ಮೇಲೆ ಹರಳಿನ ಮೂರು ಸಾಲು. ಮೊದಲನೆಯದು: ಒಂಬತ್ತು ಹರಳು, ಜಾಗ, ಕಡ್ಡಿ, ನಾಲ್ಕು ಹರಳು, ಜಾಗ, ಹದಿನಾರು ಹರಳು. ಎರಡನೆಯದೂ ಅದೇ. ಮೂರನೆಯದೂ ಅದೇ. ಅವನ ಕೈಯಲ್ಲಿದ್ದ ಹರಳು ನಾಲ್ಕನೆಯ ಸಾಲಿನ ಒಂಬತ್ತರಲ್ಲಿ ಕೂತಿತು. ಗಂಟೆ ನಿಂತಿತು. ಮುದುಕ ಕಡ್ಡಿ ಎತ್ತಿ ಹಿಡಿದು ಕಾದ.

ಗಂಟೆ ಕೆಮ್ಮಿತು. ಅವನು ಕಡ್ಡಿ ಇಟ್ಟ.

"ಅರ್ವತ್ತೊರ್ಸ ಕುರಿ ಇಂದೆ ನಡೆದೆ," ಎಂದ. "ಎರಡು ಕಾಲಿಂದಾಗ್ಲಿ, ನಾಕು ಕಾಲಿಂದಾಗ್ಲಿ, ಒಂದು ಜೀವ ಎರಡು ಸಲ ಒಂದೇ ತರ ನಡಿಯಕಿಲ್ಲ. ಕಲ್ಲು ಇರ್ತದೆ, ಮುಳ್ಳು ಇರ್ತದೆ. ದೆವ್ವ ಆದ್ರೂ ಒಂದ್ಸಲ ಎಡುವ್ತದೆ."

ಸರಿತಾ ಗಡಿಯಾರ ನೋಡಿದಳು. ಆರು ಇಪ್ಪತ್ತೆರಡು. ಗಂಟೆ ನಿಲ್ಲಲು ಇನ್ನು ಹದಿಮೂರು ನಿಮಿಷ. ಅದು ಯಾವಾಗ ನಿಲ್ಲುತ್ತದೆಂದು ತನಗೆ ಗೊತ್ತಿದೆ ಎಂಬುದು ಅವಳಿಗೆ ಆಗ ಹೊಳೆಯಿತು. ಮೂರು ದಿನದಿಂದ ಗೊತ್ತಿತ್ತು.

"ಪ್ರಭಾಕರ್. ಅಶ್ವತ್ಥ್ ಅವರನ್ನ ಕರೀರಿ."

*

ಅಶ್ವತ್ಥ್ ಕ್ಯಾಂಪಿನ ಒಡೆಯ. ಬೂದು ಬಣ್ಣದ ಖಾದಿ ಅಂಗಿ, ಬರಿಗಾಲು. ಮೊದಲು ಇಂಟರ್ನೆಟ್ಟಿನ ವಿಡಿಯೋಗಳಿಗೆ ಸೌಂಡ್ ಮಾಡುತ್ತಿದ್ದವನು. ಎಂಟು ವರ್ಷ ಹೆಡ್‌ಫೋನ್ ಹಾಕಿಕೊಂಡು ಕಿವಿಯೊಳಗೆ ಸದಾ ಒಂದು ಗುಂಯ್ ಉಳಿದುಹೋಯಿತು, ಅದಕ್ಕೇ ಈ ಕ್ಯಾಂಪು ಕಟ್ಟಿದೆ ಎಂದು ಬಂದವರಿಗೆಲ್ಲ ಹೇಳುವನು. ಹೇಳುವಾಗ ಕಣ್ಣು ಮುಚ್ಚುವನು.

"ಹೇಳಿ ಮೇಡಂ. ಟೀಮ್ ಮೇಲೆ ಹೋಗ್ತಿದೆಯಾ? ಇವತ್ತು ಬೇಗ ಹತ್ತಿದ್ರೆ ಸಿಗಬಹುದೇನೋ. ಸದ್ದು ಹತ್ರ ಇದೆ ಅನ್ಸತ್ತೆ."

"ಕೂತ್ಕೊಳ್ಳಿ."

"ಪರವಾಗಿಲ್ಲ, ನಿಂತೇ..."

"ಕೂತ್ಕೊಳ್ಳಿ ಅಶ್ವತ್ಥ್."

ಅವನು ಹರಳಿನ ಸಾಲುಗಳ ಮುಂದೆ ಕೂತ. ಸರಿತಾ ಅವನೆದುರು ಕೂತಳು. ಬೆರಳಿನಿಂದ ಮೊದಲ ಹರಳನ್ನು ಮುಟ್ಟಿದಳು. ಗುಡ್ಡದಲ್ಲಿ ಗಂಟೆ ಠಿಣ್ ಎಂದಿತು. ಎರಡನೆಯದು ಮುಟ್ಟಿದಳು. ಠಿಣ್. ಒಂಬತ್ತರ ತನಕ ಹೀಗೆಯೇ ಹೋದಳು, ಬೆರಳು ಮೊದಲು, ಸದ್ದು ಆಮೇಲೆ. ತಾನೇ ಗುಡ್ಡದ ಮೇಲೆ ಯಾರನ್ನೋ ನಡೆಸುತ್ತಿರುವ ಹಾಗೆ.

"ಈಗ ನಿಲ್ಲತ್ತೆ," ಎಂದಳು.

ನಿಂತಿತು.

"ಈಗ ಕೆಮ್ಮತ್ತೆ."

ಅದು ಕೆಮ್ಮುವ ಮೊದಲೇ ಅಶ್ವತ್ಥನ ಕಣ್ಣುಗಳು ಮುಚ್ಚಿದ್ದವು. ಈ ಸಲ ಯಾರಿಗೂ ತೋರಿಸಲಿಕ್ಕಲ್ಲ.

"ಎಲ್ಲಿದೆ?"

"ಮೇಡಂ, ನಾನು..."

"ಎಲ್ಲಿದೆ ಅಂತ ಕೇಳಿದೆ."

"ಅಡುಗೆ ಚಪ್ಪರದ ಹಿಂದೆ. ಹುಣಸೆ ಮರದ ಪೊಟರೆಯಲ್ಲಿ." ಅವನ ದನಿ ಸಣ್ಣಗಾಯಿತು. "ಸ್ಪೀಕರ್ ಮುಖಾನ ಬಂಡೆ ಕಡೆ ತಿರುಗಿಸಿದೀನಿ. ಬಂಡೆಗೆ ಹೊಡೆದು ವಾಪಸ್ ಬರತ್ತೆ. ಅದಕ್ಕೇ ಮೇಲಿಂದ ಬಂದ ಹಾಗೆ ಕೇಳತ್ತೆ."

ಎರಡು ದಿನ. ಇಪ್ಪತ್ತೆಂಟು ಜನ. ಅವರು ಹತ್ತಿದ ಗುಡ್ಡದಲ್ಲಿ ಯಾರೂ ನಡೆಯುತ್ತಿರಲಿಲ್ಲ. ಹೆಜ್ಜೆಗಳು ಅವರ ಬೆನ್ನ ಹಿಂದೆ, ಸಾರು ಕುದಿಯುವ ಒಲೆಯ ಪಕ್ಕ ಇದ್ದವು.

"ಯಾಕೆ?"

"ಜನ ಹಳ್ಳಿ ಸಂಜೆ ಬೇಕು ಅಂತ ಬರ್ತಾರೆ ಮೇಡಂ. ಕುರಿ ಮನೆಗೆ ಬರೋ ಸದ್ದು ಬೇಕು. ಮೊದಲು ಇವರ ಮಂದೇನೇ ಈ ದಾರೀಲಿ ಹೋಗ್ತಿತ್ತು." ಜವರಪ್ಪನ ಕಡೆ ಕೈ ತೋರಿಸಿದ, ಮುಖ ತೋರಿಸಲಿಲ್ಲ. "ವಾಸನೆ, ನೊಣ ಅಂತ ಕಂಪ್ಲೇಂಟ್ ಬಂತು. ಬೇಲಿ ಹಾಕಿಸಿದೆ. ಆಮೇಲೆ ಸಂಜೆ ಖಾಲಿ ಅನ್ನಿಸ್ತು. ಆ ಏಳನೇ ಗಂಟೆಗೆ ಒಂದು ಕ್ಯಾರೆಕ್ಟರ್ ಇತ್ತು. ಸೊಂಟಕ್ಕೆ ಕಟ್ಕೊಂಡು ನಾನೇ ನಡೆದು ರೆಕಾರ್ಡ್ ಮಾಡಿದೆ. ಟೈಮರ್ ಇಟ್ಟೆ. ಅಷ್ಟೇ."

"ಅಷ್ಟೇ," ಎಂದ ಜವರಪ್ಪ. "ಕುರಿ ಬ್ಯಾಡ, ಕುರಿ ಸದ್ದು ಮಾತ್ರ ಬೇಕು. ನಾಳೆ ಎಂಡ್ತೀನೂ ಇಂಗೇ ಮಾಡ್ಕಳಿ ಸ್ವಾಮಿ, ಜಗ್ಳ ಇರಕಿಲ್ಲ."

ಪ್ರಭಾಕರ್ ಕೆಮ್ಮಿದಂತೆ ಮಾಡಿ ನಗು ನುಂಗಿದ. ಸರಿತಾ ನಗಲಿಲ್ಲ.

"ಫೋನಿಲ್ಲದ ಕ್ಯಾಂಪಿನಲ್ಲಿ ಸ್ಪೀಕರ್ ಇದೆ ಅಂತ ಹೊರಗೆ ಗೊತ್ತಾದರೆ ನಾಳೆಯಿಂದ ಯಾರೂ ಬರಲ್ಲ. ಅದಕ್ಕೇ ಬಾಯಿ ಮುಚ್ಚಿಕೊಂಡಿದ್ದಿರಿ, ಅಲ್ವಾ? ಒಂದು ಹುಡುಗಿ ನೀರಿಲ್ಲದೆ ಎಲ್ಲೋ ಬಿದ್ದಿದಾಳೆ."

"ಅದಷ್ಟೇ ಅಲ್ಲ." ಅವನು ಮೊದಲ ಬಾರಿ ದನಿ ಎತ್ತಿದ. "ಗುರುವಾರ ಬೆಳಿಗ್ಗೆ ಟೈಮರ್ ತೆಗೆಯೋದು ಮರೆತೆ. ಆಣೆಗೂ ಮರೆತೆ. ಸಂಜೆ ಅದು ಶುರುವಾದಾಗ ಓಡಿದೆ, ನಿಲ್ಲಿಸೋಣ ಅಂತ. ಗೇಟಿನ ಹತ್ರ ಆ ತಾಯಿ ಎದ್ದು ನಿಂತಿದ್ರು. 'ನನ್ನ ಮಗಳು ನಡೀತಿದಾಳೆ' ಅಂತ ನನ್ನ ಕೈ ಹಿಡ್ಕೊಂಡ್ರು ಮೇಡಂ. ಆವಾಗ ಹೇಗೆ ನಿಲ್ಲಿಸ್ಲಿ? ನಿಲ್ಲಿಸಿದ್ರೆ, ಅವರ ಮಟ್ಟಿಗೆ ಅವಳನ್ನ ನಾನೇ ಕೊಂದ ಹಾಗೆ."

"ಶುಕ್ರವಾರ?"

ಅವನು ಒಂದು ಹರಳನ್ನು ಬೆರಳಿನಿಂದ ಅತ್ತಿತ್ತ ಸರಿಸಿದ.

"ಇವತ್ತು?"

"ಬ್ಯಾಟರಿ ಚಾರ್ಜ್ ಮಾಡಿಟ್ಟೆ," ಎಂದ ಅಶ್ವತ್ಥ್. "ನಾನೇ."

ಸರಿತಾಳಿಗೆ ಅವನ ಕೆನ್ನೆಗೆ ಬಾರಿಸಬೇಕೆನ್ನಿಸಿತು. ಅದೇ ಹೊತ್ತಿಗೆ, ಅವನ ಜಾಗದಲ್ಲಿ ತಾನಿದ್ದರೆ ಏನು ಮಾಡುತ್ತಿದ್ದೆ ಎಂಬ ಪ್ರಶ್ನೆ ಕತ್ತಿನ ಹಿಂದೆ ಸೊಳ್ಳೆಯ ಹಾಗೆ ಬಂದು ಕೂತಿತು. ಅದನ್ನು ಓಡಿಸಿದಳು.

"ಮೀನಾ ಕಂಡುಹಿಡಿದಿದ್ದಳು. ಅವಳ ಕೆಲಸವೇ ಅದು. ಬುಧವಾರ ನಿಮ್ಮ ಹತ್ತಿರ ಬಂದಳಾ?"

"ಇಲ್ಲ ಮೇಡಂ. ಬಂದಿದ್ರೆ..." ಅವನು ತಡವರಿಸಿದ. "ಮರದ ಹತ್ರ ಬಂದಿದ್ಲು ಅನ್ಸತ್ತೆ. ಗುರುವಾರ ನೋಡಿದಾಗ ಸ್ಪೀಕರ್ ಸ್ವಲ್ಪ ತಿರುಗಿತ್ತು. ಯಾರೋ ಎತ್ತಿ ನೋಡಿ ಇಟ್ಟ ಹಾಗೆ. ಮರದಿಂದ ಆಚೆ ಅವಳ ಹೆಜ್ಜೆ ತೆಂಕಣಕ್ಕೆ ಹೋಗಿತ್ತು. ಬೇಲಿ ದಾಟಿ."

"ತೆಂಕಣಕ್ಕೆ."

"ಹೂಂ."

"ಅದನ್ನೂ ಹೇಳಲಿಲ್ಲ."

"ಹೇಳಿದ್ರೆ ಮರದ ಹತ್ರ ಬರ್ತಿದ್ರಿ," ಎಂದ ಅವನು ನೆಲ ನೋಡುತ್ತ.

*

ಹುಣಸೆ ಮರದ ಪೊಟರೆಯೊಳಗೆ ಗಂಟೆ ಇಷ್ಟು ಹತ್ತಿರದಿಂದ ಬೇರೆಯೇ ಥರ ಕೇಳುತ್ತಿತ್ತು. ಅದರ ಹಿಂದೆ ಅಶ್ವತ್ಥನ ಉಸಿರು ಇತ್ತು, ಬಟ್ಟೆಯ ಸರಸರ ಇತ್ತು. ಅಶ್ವತ್ಥ್ ಪಕ್ಕದಲ್ಲಿ ನಿಂತು ತನ್ನದೇ ಉಸಿರನ್ನು ಕೇಳುತ್ತಿದ್ದ. ಸರಿತಾ ಕೈ ಹಾಕಿ ಗುಂಡಿ ಒತ್ತಿದಳು.

ಗಂಟೆ ಐದನೆಯ ಹೆಜ್ಜೆಯಲ್ಲಿ ನಿಂತುಹೋಯಿತು.

ಗಾಳಿಯೂ ನಿಂತಂತಾಯಿತು. ಗುಡ್ಡ ಇದ್ದಕ್ಕಿದ್ದಂತೆ ಬರಿ ಕಲ್ಲಾಯಿತು.

ಗೇಟಿನ ಕಡೆಯಿಂದ ಕೂಗು ಬಂತು. "ಮೀನಾ?" ಕರೆದ ಹಾಗೆ ಅಲ್ಲ, ಕೇಳಿದ ಹಾಗೆ. ಆಮೇಲೆ ಇನ್ನೊಮ್ಮೆ, ಜೋರಾಗಿ.

ಗಂಗಲಕ್ಷ್ಮಮ್ಮ ಸೆರಗು ಎಳೆದುಕೊಂಡು ಓಡೋಡಿ ಬಂದಳು. "ಯಾಕ್ ನಿಂತ್ಬುಡ್ತು? ದಿನಾ ಇಷ್ಟ್ ಬೇಗ ನಿಲ್ಲಕಿಲ್ಲ. ಬಿದ್ಲಾ? ಅವ್ವಾ, ಬಿದ್ಲಾ ಅವ್ಳು?"

ಸರಿತಾ ಅವಳ ಎರಡೂ ಕೈ ಹಿಡಿದಳು. ಸ್ಪೀಕರಿನ ಕರಿ ಡಬ್ಬಿಯನ್ನು ತೋರಿಸಿದಳು. ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ಮೂರು ವಾಕ್ಯ. ಅದಕ್ಕಿಂತ ಹೆಚ್ಚು ಬೇಕಾಗಲಿಲ್ಲ.

ತಾಯಿ ಡಬ್ಬಿಯನ್ನು ತೆಗೆದುಕೊಂಡಳು. ಕಿವಿಗೆ ಹಿಡಿದಳು. ಅಲ್ಲಾಡಿಸಿದಳು. ಮತ್ತೆ ಕಿವಿಗೆ ಹಿಡಿದಳು.

"ಮೂರ್ದಿನ ಇದ್ರ ಜೊತೆ ಮಾತಾಡ್ದೆ ನಾನು," ಎಂದಳು ಅಶ್ವತ್ಥನಿಗೆ. ಬೈಗುಳವಲ್ಲ, ಅಳುವೂ ಅಲ್ಲ. "ಮೆತ್ತಗೆ ನಡಿ ಮಗಾ, ಮುಳ್ಳು ಐತೆ ಅಂದೆ. ನೀನ್ ಅಲ್ಲೇ ನಿಂತಿದ್ದೆ ಅಲ್ಲಪ್ಪಾ. ನಂಗೆ ನೀರ್ ತಂದ್ಕೊಟ್ಟೆ."

ಅಶ್ವತ್ಥ್ ಬಾಯಿ ತೆರೆದ.

"ಶ್," ಎಂದ ಜವರಪ್ಪ.

ಅವನ ತಲೆ ಒಂದು ಬದಿಗೆ ವಾಲಿತ್ತು. ತೆಂಕಣಕ್ಕೆ.

ಮೊದಲು ಸರಿತಾಳಿಗೆ ಏನೂ ಕೇಳಲಿಲ್ಲ. ಆಮೇಲೆ ಬೇಲಿಯಾಚೆ, ಕುರುಚಲಿನ ಆಳದಲ್ಲಿ, ಒಂದು ಠಿಣ್. ತುಸು ತಡೆದು ಎರಡು ಒಟ್ಟೊಟ್ಟಿಗೆ. ಮತ್ತೆ ಏನೂ ಇಲ್ಲ. ಆಮೇಲೆ ಸಣ್ಣಗೆ ಒಂದು ಕೆಮ್ಮು.

ಗಂಗಲಕ್ಷ್ಮಮ್ಮನ ಕೈಯಿಂದ ಡಬ್ಬಿ ಬಿತ್ತು. "ನಾ ಯೋಳಿದ್ನಲ್ಲಾ. ಆ ಕಡೆಯಿಂದ ಅಂತ ಯೋಳಿದ್ನಲ್ಲಾ!"

"ಇದು ನಿಜವಾದ್ದು," ಎಂದ ಜವರಪ್ಪ. ಆದರೆ ಅವನ ಮುಖ ಗೆಲುವಾಗಲಿಲ್ಲ. "ಎಡುವ್ತಾ ಐತೆ. ನಿಲ್ತಾ ಐತೆ. ಆದ್ರೆ ಮೇಡಮ್ಮಾ, ಇದು ಸೊಂಟದಾಗಿಲ್ಲ. ಕತ್ತಿನಾಗೈತೆ. ನಾಕು ಕಾಲು."

ಬೇಲಿಯ ಕೊನೆಯಲ್ಲಿ ಬಿಳಿ ಕಾಲುಗಳು ಕಂಡವು. ಮೊದಲು ಕಾಲುಗಳು ಮಾತ್ರ, ದೇಹವಿಲ್ಲದೆ, ಮಬ್ಬಿನಲ್ಲಿ ತೇಲಿ ಬಂದಂತೆ. ಪ್ರಭಾಕರ್ "ಮುರುಗಾ" ಎಂದು ಎರಡು ಹೆಜ್ಜೆ ಹಿಂದೆ ಸರಿದ. ಟಾರ್ಚಿನ ಬೆಳಕು ಬಿದ್ದ ಮೇಲೆ ಅದು ಕುರಿಯಾಯಿತು. ಕಂದು ಬಣ್ಣದ ಒಂದು ಹೆಣ್ಣು ಕುರಿ. ಮೊಣಕಾಲಿನವರೆಗೆ ಸುಣ್ಣದಂಥ ಕೆಸರು ಮೆತ್ತಿತ್ತು, ಇನ್ನೂ ಹಸಿ. ಕತ್ತಿನಲ್ಲಿ ಮೀನಾಳ ಕಿತ್ತಳೆ ಪಟ್ಟಿ. ಪಟ್ಟಿಯಲ್ಲಿ ಗಂಟೆ. ಗಂಟೆಯ ಮೇಲೆ ಬಿಳಿ ಬಣ್ಣದಲ್ಲಿ ಏಳು.

"ಬಿಳಿಕಲ್ಲು ಗುಂಡಿ ಕೆಸ್ರು," ಎಂದ ಜವರಪ್ಪ. "ಕಲ್ಲು ತೆಗ್ದು ಬಿಟ್ಟೋಗವ್ರಲ್ಲ, ಆ ಗುಂಡಿಗ್ಳು. ಈ ಒಣಗಾಳೀಲಿ ನೀರು ನಿಂತಿರೋದು ಅಲ್ಲೊಂದೇ ಕಡೆ."

ನೀ‌ರು. ನೀರಿದ್ದರೆ ಹುಡುಗಿ ಬದುಕಿರಬಹುದು.

"ಪಟ್ಟಿ ತಾನಾಗಿ ಕುರಿ ಕತ್ತಿಗೆ ಬರಲ್ಲ," ಎಂದಳು. "ಯಾರೋ ಬಿಚ್ಚಿ ಕಟ್ಟಿದಾರೆ. ನಿಮ್ಮ ಕುರಿಯಾ ತಾತ?"

"ನಂದಲ್ಲ. ನನ್ ಮಂದೆ ಕಡಯಂಪಟ್ಟಿ ಒಲದಾಗೈತೆ." ಮುದುಕ ಕುರಿಯ ಬಳಿ ಮಂಡಿಯೂರಿದ. ಗದ್ದ ಹಿಡಿದ. ಅಭ್ಯಾಸದ ಕೈ ತಾನಾಗಿಯೇ ಎಡಗಿವಿಗೆ ಹೋಯಿತು.

ಕೈ ಅಲ್ಲೇ ನಿಂತಿತು.

ಅವನು ಟಾರ್ಚಿನ ಬೆಳಕಿಗೆ ಬೆನ್ನು ಕೊಟ್ಟು ತಿರುಗಿದ. ಕುರಿಯ ಕಿವಿಯನ್ನು ಅಂಗೈಯೊಳಗೆ ಮಡಿಸಿಕೊಂಡ. ಈ ಸಲ ಸರಿತಾಳನ್ನು ಮೇಡಮ್ಮಾ ಎನ್ನಲಿಲ್ಲ.

"ಮಗಾ," ಎಂದ. "ನಂಗೆ ಕಣ್ಣು ಮಂಜು. ನೀನೇ ನೋಡು."

ಸರಿತಾ ಕೂತಳು. ಅವನ ಬೆರಳುಗಳ ಕೆಳಗೆ ತನ್ನ ಬೆರಳು ತೂರಿಸಿದಳು. ನೋಡಬೇಕಾಗಿರಲಿಲ್ಲ. ತುದಿ ಸೀಳು. ಅದರ ಕೆಳಗೆ ಒಂದು ಕಚ್ಚು. ಇನ್ನೊಂದು ಕಚ್ಚು.

ಕುರಿಯ ತುಟಿ ಎತ್ತಿದಳು. ಮುಂದೆ ದೊಡ್ಡವು ಎರಡೇ ಹಲ್ಲು. ಹೆಚ್ಚೆಂದರೆ ಒಂದೂವರೆ ವರ್ಷದ ಕುರಿ. ಅಪ್ಪ ಹೋಗಿ ಐದು ವರ್ಷವಾಗಿತ್ತು.

ಕೊಯ್ಯೋ ಕೈ ಇರೋಗಂಟ ಇರ್ತದೆ.

"ಮೇಡಂ?" ಪ್ರಭಾಕರ್ ನೋಟ್‌ಬುಕ್ ತೆಗೆದಿದ್ದ. "ಯಾರೋಡ ಆಡು? ಯಾರ ಕುರಿ ಅಂತ ಬರ್ಕೊಳ್ಳಲಿ?"

ಗಂಗಲಕ್ಷ್ಮಮ್ಮ ಕುರಿಯ ಮುಂದೆ ನೆಲದಲ್ಲೇ ಕೂತು ಗಂಟೆಯನ್ನು ಎರಡೂ ಕೈಯಲ್ಲಿ ಹಿಡಿದಿದ್ದಳು. "ಕಿವೀಲಿ ಗುರ್ತಿರ್ತದೆ ಅಂತಾರಲ್ಲವ್ವಾ. ಯಾರ್ದು ಅಂತ ತಿಳುದ್ರೆ ನನ್ ಮಗ್ಳು ಸಿಕ್ದಂಗೇ ತಾನೆ? ಯೋಳು ತಾಯಿ. ಯಾರ್ದು?"

ಜವರಪ್ಪ ಬೇರೆ ಕಡೆ ನೋಡುತ್ತಿದ್ದ.

"ಗೊತ್ತಾಗ್ತಿಲ್ಲ ಅಮ್ಮ," ಎಂದಳು ಸರಿತಾ.

ಅಶ್ವತ್ಥ್ ತಲೆ ಎತ್ತಿದ. ಎಂಟು ವರ್ಷ ದನಿಗಳನ್ನು ಕತ್ತರಿಸಿ ಅಂಟಿಸಿದವನು. ಅವಳ ಮುಖವನ್ನು ನೆಟ್ಟಗೆ ನೋಡಿದ, ತನ್ನದೇ ರೆಕಾರ್ಡಿಂಗ್ ಕೇಳಿದವನ ಹಾಗೆ.

ಆಗ ಕುರಿ ಕತ್ತು ತಿರುಗಿಸಿತು. ಬಿಳಿಕಲ್ಲು ಗುಂಡಿಗಳ ಕಡೆಯಿಂದ, ಮಬ್ಬಿನೊಳಗಿಂದ, ಒಂದು ಸಿಳ್ಳೆ ಬಂತು. ಎರಡು ಚಿಕ್ಕದು, ಒಂದು ಉದ್ದ.

ಅದಕ್ಕೆ ಮರುಸಿಳ್ಳೆ ಹಾಕುವುದು ಹೇಗೆಂದು ಅವಳ ತುಟಿಗಳಿಗೆ ಇನ್ನೂ ನೆನಪಿತ್ತು.